ಸುಮನಕ್ಕನಿಗೆ ಹೇಳದೆ ನುಂಗಿದ ಮಾತು

ಸುಮನಕ್ಕ, ಡಾಕ್ಟರು ನಿಮಗೆ ತಿಳಿಸಿ ಹೇಳಿ ಎಂದಿದ್ದ ಒಂದು ಮಾತನ್ನು ನಾನು ನಿಮಗೆ ಹೇಳಲಿಲ್ಲ. ಮರೆತು ಅಲ್ಲ — ಗೊತ್ತಿದ್ದೇ, ನಿಮ್ಮ ಮುಖ ನೋಡುತ್ತಲೇ ನುಂಗಿಬಿಟ್ಟೆ.

ನಾವಿಬ್ಬರೂ ಸೇರಿ ಬೆಳಗಾವಿ ಹತ್ತಿರದ ಮಚ್ಛೆಯಲ್ಲಿ ಖಾನಾವಳಿ ಹಾಕಿ ಒಂಬತ್ತು ವರ್ಷವಾಯಿತು. ಕಾರ್ಖಾನೆಯವರು ಬರುತ್ತಿದ್ದದ್ದು ನನ್ನ ಪಲ್ಯಕ್ಕಲ್ಲ, ನೀವು ಭಕ್ರಿ ಎನ್ನುವ ನಿಮ್ಮ ಅಕ್ಕಿ ರೊಟ್ಟಿಗೆ. ಅದನ್ನು ನನ್ನೆದುರೇ ಹೇಳುತ್ತಿದ್ದರು, ನನಗೆ ಹೊಟ್ಟೆ ಉರಿಯುತ್ತಿತ್ತು ಕೂಡ. ಖಾನಾಪುರದಿಂದ ಮೊದಲ ಬಸ್ಸಿಗೆ ಬರುವ ನೀವು ಮರಾಠಿ ಮನೆಯವರು. ಅಡುಗೆಮನೆಯ ಕನ್ನಡ ಸಲೀಸು. ಬ್ಯಾಂಕು, ಆಸ್ಪತ್ರೆ ಎಂದರೆ ನನ್ನ ಕಡೆ ತಿರುಗುತ್ತೀರಿ. ನಾನು ಹೇಳಿದ್ದೇ ನಿಮಗೆ ಖರೇ.

ಮೂರು ವರ್ಷದ ಹಿಂದೆ ನಿಮಗೆ ಕೈ ಎತ್ತಿ ತಲೆ ಬಾಚಿಕೊಳ್ಳಲು ಆಗದಾಯಿತು. ಕೂತರೆ ಏಳಲು ನನ್ನ ಹೆಗಲು ಬೇಕು. ಕಣ್ಣಿನ ರೆಪ್ಪೆಯ ಮೇಲೆ ನೇರಳೆ ಬಣ್ಣ. ಬೆಳಗಾವಿಯ ಡಾಕ್ಟರು ಪರೀಕ್ಷೆ ಮಾಡಿಸಿ ಡರ್ಮಟೊಮಯೊಸೈಟಿಸ್ ಎಂದರು — ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಸ್ನಾಯುಗಳನ್ನು ಸವೆಸುವ ಕಾಯಿಲೆ. ಇಷ್ಟನ್ನು ನಿಮಗೆ ಮರಾಠಿಯಲ್ಲಿ ಹೇಳಿದೆ. ಆಮೇಲೆ ಡಾಕ್ಟರು ನನ್ನ ಕಡೆ ನೋಡಿದರು.

“ಈ ರೋಗದ ಜೋಡಿ ಒಮ್ಮೊಮ್ಮೆ ಒಳಗ ಕ್ಯಾನ್ಸರ್ ಅಡಗಿರತೈತ್ರಿ. ಎಲ್ಲಾರಿಗೂ ಅಲ್ಲ. ಆದ್ರ ಒಂದ್ಸಲ ಪೂರಾ ಸ್ಕ್ಯಾನ್ ಮಾಡಿಸಿ ನೋಡಬೇಕು. ಅವರಿಗೆ ತಿಳಿಸಿ ಹೇಳ್ರಿ.”

ನೀವು ನನ್ನ ಸೆರಗು ಜಗ್ಗಿ, ಮತ್ತೇನು ಅಂದರು ಎಂದು ಕೇಳಿದಿರಿ.

“ಆಣಖೀ ಕಾಹೀ ನಾಹೀ,” ಅಂದೆ. ಮತ್ತೇನೂ ಇಲ್ಲ.

ನೀವು ಹೆದರುತ್ತೀರಿ, ಧೈರ್ಯ ಕಳೆದುಕೊಳ್ಳುತ್ತೀರಿ, ಅದಕ್ಕೇ — ಹೀಗೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮುಂದಿನ ಸೋಮವಾರದಿಂದ ಒಂದು ಕಾರ್ಖಾನೆಯ ಕ್ಯಾಂಟೀನು ನಮ್ಮ ಕೈಗೆ ಬರುವುದಿತ್ತು. ಕೈ ಆಗದಿದ್ದರೂ ಪಕ್ಕದಲ್ಲಿ ಕೂತು ಇಬ್ಬರು ಹೆಂಗಸರಿಗೆ ಭಕ್ರಿ ಕಲಿಸುತ್ತೇನೆ ಅಂದಿದ್ದಿರಿ. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದರೆ ನೀವು ಖಾನಾಪುರ ಬಿಟ್ಟು ಬರುವುದಿಲ್ಲ, ಕ್ಯಾಂಟೀನು ಕೈತಪ್ಪುತ್ತದೆ — ನನ್ನ ತಲೆಯಲ್ಲಿ ಓಡಿದ್ದು ಇದು.

ಕ್ಯಾಂಟೀನು ಒಂದು ಹದಕ್ಕೆ ಬಂದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಗುಳಿಗೆಗಳು ಹಿಡಿದವು, ನೀವು ಮತ್ತೆ ಭಕ್ರಿ ಬಡಿಯತೊಡಗಿದಿರಿ. ಹೇಳುವುದನ್ನು ಇನ್ನಷ್ಟು ಮುಂದೂಡಿದೆ. ನಿಮ್ಮನ್ನು ಬಿಟ್ಟು ನಾನೊಬ್ಬಳೇ ಡಾಕ್ಟರ ಹತ್ತಿರ ಹೋಗಿ ಗುಳಿಗೆ ಬರೆಸಿಕೊಂಡು ಬಂದೆ; ಸ್ಕ್ಯಾನ್ ಏನಾಯಿತು ಎಂದು ಅವರು ಕೇಳಿದಾಗಲೆಲ್ಲ ಮಾಡಿಸುತ್ತೇವೆ ಎಂದೆ.

ಈ ಮಳೆಗಾಲದಲ್ಲಿ ನಿಮಗೆ ಕೆಮ್ಮು ಬಿಡಲಿಲ್ಲ, ಎದೆ ಭಾರವಾಯಿತು. ಸ್ಕ್ಯಾನಿನಲ್ಲಿ ಎದೆಮೂಳೆಯ ಹಿಂದೆ, ಥೈಮಸ್ ಎಂಬ ಗ್ರಂಥಿಯಲ್ಲಿ ಗಂಟು ಕಂಡಿತು. ಅಪರೂಪದ ಕ್ಯಾನ್ಸರ್. ಮೊದಲೇ ಯಾಕೆ ನೋಡಿಸಲಿಲ್ಲ ಎಂದು ಈ ಸ್ಕ್ಯಾನ್ ನೋಡಿದ ಹೊಸ ಡಾಕ್ಟರು ಕೇಳಿದಾಗ ನನ್ನ ಕಡೆ ತಿರುಗದೆ ನೀವೇ ಕನ್ನಡದಲ್ಲಿ ಹೇಳಿದಿರಿ.

“ಯಾರೂ ಹೇಳಲಿಲ್ರಿ.”

ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೆ.

ಎರಡು ಕಾಯಿಲೆಗೂ ನಂಟಿರಬಹುದು, ಖಚಿತವಾಗಿ ಹೇಳಲಾಗದು ಎಂದರು ಅವರು. ಆಗಲೇ ಸ್ಕ್ಯಾನ್ ಮಾಡಿಸಿದ್ದರೆ ಗಂಟು ಸಿಗುತ್ತಿತ್ತೋ ಇಲ್ಲವೋ, ಅದೂ ಗೊತ್ತಿಲ್ಲವಂತೆ. ಆ ‘ಇಲ್ಲವೋ’ ಎಂಬುದನ್ನು ಅಪ್ಪಿಕೊಂಡು ನಾಲ್ಕು ದಿನ ಕಳೆದೆ. ಆದರೆ ನೋಡಿಸುವುದೋ ಬಿಡುವುದೋ, ಅದನ್ನು ತೀರ್ಮಾನಿಸಬೇಕಾದವರು ನೀವು. ಜೀವ ನಿಮ್ಮದು. ನಾನು ಯಾರು ಅದನ್ನು —

ಇದನ್ನೆಲ್ಲ ಕನ್ನಡದಲ್ಲಿ ಬರೆದಿದ್ದೇನೆ. ನಿಮಗೆ ಕನ್ನಡ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಬರೆದೆ. ನನ್ನ ಹೇಡಿತನ ಇನ್ನೂ ಹೋಗಿಲ್ಲ ನೋಡಿ.

ನಾಳೆ ಬೆಳಿಗ್ಗೆ ಖಾನಾಪುರಕ್ಕೆ ಬರುತ್ತೇನೆ. ನಿಮ್ಮೆದುರು ಕೂತು ಇದನ್ನು ಮೊದಲ ಸಾಲಿನಿಂದ ಮರಾಠಿಯಲ್ಲಿ ಹೇಳುತ್ತೇನೆ. ಕ್ಯಾಂಟೀನಿನ ಮಾತನ್ನೂ ಬಿಡುವುದಿಲ್ಲ.