ಹೊಗೆ ಹೋಗುವ ತನಕ

ಸಾವಕಾರನ ಮುಂದೆ ಮಾತಾಡಬೇಕಾದಾಗಲೆಲ್ಲ ಆಯಿಯ ಗದ್ದ ನಡುಗುತ್ತಿತ್ತು. ಸೆರಗಿನ ತುದಿ ಕಚ್ಚಿ ಹಿಡಿದು ನಿಲ್ಲಿಸಲು ನೋಡುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಟಿಕೋಟಾ ಹಾದಿಯಲ್ಲಿರುವ ಅವನ ಒಣದ್ರಾಕ್ಷಿ ಶೆಡ್ಡಿನಲ್ಲಿ ದುಡಿಯುವ ನಮ್ಮ ಹೆಂಗಸರ ಗ್ಯಾಂಗಿಗೆ ಅವಳೇ ಹಿರಿಯಳು, ಅದಕ್ಕೇ ಎಲ್ಲರಿಗೂ ಆಯಿ. ಪುಕ್ಕಲು ಎಂದರೆ ಪುಕ್ಕಲು. ನಾಯಿ ಬೊಗಳಿದರೆ ನಮ್ಮ ಬೆನ್ನ ಹಿಂದೆ ಸೇರುತ್ತಿದ್ದಳು. ಬಬಲೇಶ್ವರದ ಸಂತೆಯಲ್ಲಿ ಚೌಕಾಸಿಗೂ ನನ್ನನ್ನೇ ಮುಂದೆ ದೂಡುತ್ತಿದ್ದಳು. ಆದರೆ ನಮ್ಮಲ್ಲಿ ಯಾರಿಗಾದರೂ ಅನ್ಯಾಯವಾದರೆ, "ಅಂಜಿಕಿ ಅದರ ಪಾಡಿಗೆ ಇರ್ಲಿ ಬೇ, ಕೇಳೂದು ಕೇಳೂಣು" ಎನ್ನುತ್ತ ಎದ್ದೇ ಬಿಡುತ್ತಿದ್ದಳು.

ಹಣ್ಣಿಗೆ ಹೊಂಬಣ್ಣ ಬರಲೆಂದು ಕೋಣೆ ಮುಚ್ಚಿ ಗಂಧಕದ ಹೊಗೆ ಕೊಡುತ್ತಾರೆ. ಅದು ಹೊರಹೋಗುವ ಮೊದಲೇ ನಮ್ಮನ್ನು ಒಳಗೆ ಅಟ್ಟುವುದು ರೂಢಿಯಾಗಿತ್ತು. ಗಂಟಲು ಉರಿಯುತ್ತಿತ್ತು, ಕಣ್ಣು ಸುರಿಯುತ್ತಿತ್ತು. ಬೇಡವೆಂದವಳಿಗೆ ಮರುದಿನ ಕೆಲಸವಿಲ್ಲ. ಆ ವರ್ಷ ನಾನು ಏಳು ತಿಂಗಳ ಬಸುರಿ. ಒಂದು ದಿನ ಹೊಗೆಯಲ್ಲಿ ಉಸಿರು ಕಟ್ಟಿದ ಮೇಲೆ ಹೊಟ್ಟೆಯೊಳಗಿನ ಕೂಸು ಬಹಳ ಹೊತ್ತು ಮಿಸುಕಲೇ ಇಲ್ಲ. ಆ ಭಯವನ್ನು ಆಯಿಗೆ ಮಾತ್ರ ಹೇಳಿದ್ದೆ.

ಮರುದಿನ ಮಾಲು ಒಯ್ಯಲು ಲಾರಿ ಬಂದು ನಿಂತಿತ್ತು. "ಲಗೂನ ಒಳಗ ನಡ್ರಿ, ಇಲ್ಲಂದ್ರ ನಾಳಿಂದ ಯಾರೂ ಬರಬ್ಯಾಡ್ರಿ" ಎಂದ ಸಾವಕಾರ. ಬಾಗಿಲು ತೆರೆದದ್ದೇ ಆಯಿ ಹೊಸ್ತಿಲಿಗೆ ಅಡ್ಡಲಾಗಿ ಕುಳಿತುಬಿಟ್ಟಳು.

"ಹೊಗಿ ಹೋಗೂತನಾ ಒಬ್ರೂ ಒಳಗ ಹೋಗಂಗಿಲ್ರಿ, ಯಪ್ಪಾ."

"ಭಾಳ ಧೈರ್ಯ ಬಂದೈತೇನ ಬೇ ನಿನಗ?"

"ಧೈರ್ಯ ಎಲ್ಲೀದ್ರಿ. ಕಾಲು ನಡಗಾಕತ್ತಾವ, ನಿಂದ್ರಾಕ ಆಗವಲ್ದು. ಅದಕ್ಕ ಕುಂತೇನ್ರಿ."

ಒಬ್ಬೊಬ್ಬರಾಗಿ ನಾವೂ ಅವಳ ಪಕ್ಕ ಕುಳಿತೆವು. ಲಾರಿ ಕಾಯುತ್ತಿತ್ತು, ತಕ್ಷಣಕ್ಕೆ ಬೇರೆ ಆಳು ಸಿಗುವಂತಿರಲಿಲ್ಲ. ಸಾವಕಾರ ಬೈಯುತ್ತಲೇ ಕಾದ. ಹೊಗೆ ಪೂರ್ತಿ ಹೋದ ಮೇಲೇ ಒಳಗೆ ಹೋದೆವು. ಅಂದಿನಿಂದ ಅದೇ ಪದ್ಧತಿ.

ಮುಂದಿನ ಸೀಸನ್ನಿಗೆ ಆಯಿಯನ್ನು ಮಾತ್ರ ಯಾವ ಶೆಡ್ಡಿನವರೂ ಕರೆಯಲಿಲ್ಲ. ವಿಜಯಪುರಕ್ಕೆ ಹೋಗಿ ಜಲನಗರದ ಮನೆಗಳಲ್ಲಿ ಭಾಂಡೆ ತಿಕ್ಕಿದಳು. ಆಗ ಹುಟ್ಟಿದ ನನ್ನ ಮಗಳನ್ನು ಎತ್ತಿಕೊಂಡು ನಾನು ನೋಡಲು ಹೋದಾಗಲೆಲ್ಲ, "ಕೂಸು ಕೆಮ್ಮತೈತೇನ?" ಎಂಬುದೇ ಅವಳ ಮೊದಲ ಮಾತು. ಹೋದ ವರ್ಷ ತೀರಿಕೊಂಡಳು.

ಮೊನ್ನೆ ಹೊಗೆ ಹೋಗಲೆಂದು ಹೊರಗೆ ಕುಳಿತಿದ್ದಾಗ, ಹೊಸದಾಗಿ ಸೇರಿದ ಹುಡುಗಿ, "ನಮ್ಮ ಸಾವಕಾರ್ರು ಛಲೋ ಮಂದಿ ಬಿಡ್ರಿ, ತಾವಾಗೇ ನಮ್ಮನ್ನ ಹೊರಗ ಕುಂಡ್ರಸ್ತಾರ" ಎಂದಳು. ಸಾವಕಾರ ಅಲ್ಲೇ ನಿಂತಿದ್ದ. ನಾಳೆ ಕೆಲಸ ಹೋದರೆ ಎಂದು ಅಂಜಿಕೆಯಾಯಿತು. ಆದರೂ ಅವನಿಗೆ ಕೇಳುವಷ್ಟು ಗಟ್ಟಿಯಾಗಿ, ಇದನ್ನು ನಮಗೆ ಕೊಡಿಸಿದವರು ಯಾರೆಂದು ಹುಡುಗಿಗೆ ಹೇಳಿದೆ.