ಬೆಳೆ ಚೆನ್ನಾಗಿದೆ ಎಂದು ಬರೆದ ಕಾಗದ

ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ನನ್ನ ಅಪ್ಪ ಬಿ.ಎ.ಗೆ ಸೇರಿದ. ಆಗ ಅವನಿಗೆ ಮೂವತ್ತೊಂಬತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಆ ವಯಸ್ಸಿನ ಗಂಡಸರು ಕಾಲೇಜಿಗೆ ಹೋಗುವುದಿದ್ದರೆ ಮಗನ ಫೀಸು ಕಟ್ಟಲು ಹೋಗುತ್ತಿದ್ದರು. ನಮ್ಮಪ್ಪ ಮಾತ್ರ ನೋಟ್‌ಬುಕ್ಕು ಹಿಡಿದು, ವಿದ್ಯಾರ್ಥಿಗಳ ರಿಯಾಯಿತಿ ಪಾಸನ್ನು ಜೇಬಿನಲ್ಲಿಟ್ಟುಕೊಂಡು, ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ಬಸ್ಸು ಹತ್ತುತ್ತಿದ್ದ. ಇದನ್ನು ಕೇಳಿದವರೆಲ್ಲ ನಗುತ್ತಾರೆ. ನಗಲಿ. ಇಷ್ಟು ವರ್ಷ ಕಳೆದರೂ ನನಗೆ ನಗು ಬಂದಿಲ್ಲ.

ಅವನು ನಮ್ಮನ್ನು ಬಿಟ್ಟದ್ದು ಜಗಳವಾಡಿ ಅಲ್ಲ. ನನಗೆ ಆರು ವರ್ಷವಿದ್ದಾಗ ಗೌರಿ ಹಬ್ಬಕ್ಕೆಂದು ಅಮ್ಮನನ್ನೂ ನನ್ನನ್ನೂ ಅಮ್ಮನ ತವರಾದ ಸಾದಲಿಗೆ ಬಸ್ಸು ಹತ್ತಿಸಿದ. ಹಬ್ಬ ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಕರೆಯದೆ ತಾನಾಗಿ ಹೋದರೆ ಹೆಣ್ಣಿಗೆ ಮರ್ಯಾದೆಯಲ್ಲ. ಅಮ್ಮ ದೀಪಾವಳಿಯವರೆಗೆ ಕಾದಳು, ಸಂಕ್ರಾಂತಿಯವರೆಗೂ ಕಾದಳು. ಅಜ್ಜಿ ಊರ ದೇವರಿಗಷ್ಟೇ ಅಲ್ಲ, ಮುರುಗಮಲ್ಲದ ದರ್ಗಾಕ್ಕೂ ಹರಕೆ ಹೊತ್ತಳು. ಯಾರೂ ಬರಲಿಲ್ಲ. ಅವನು ಗೌರಿಬಿದನೂರಿನವಳೊಬ್ಬಳ ಜೊತೆ ಇನ್ನೊಂದು ಮನೆ ಮಾಡಿದ್ದಾನೆಂಬ ಸುದ್ದಿ ಮಾತ್ರ ಬಂತು. ನಾವು ಪೆಟ್ಟಿಗೆ ಕಟ್ಟಿ ಸಿದ್ಧವಾಗಿ ಕೂತಿದ್ದಾಗಲೇ ಬಂತು.

ತಾತ ಚಿಂತಾಮಣಿಯ ವಕೀಲರೊಬ್ಬರನ್ನು ಹಿಡಿದು ಶಿಡ್ಲಘಟ್ಟದ ಕೋರ್ಟಿನಲ್ಲಿ ಜೀವನಾಂಶದ ಕೇಸು ಹಾಕಿದರು. ಅಪ್ಪನೂ ದೊಡ್ಡಪ್ಪನೂ ಸೇರಿ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ನಡೆಸುತ್ತಿದ್ದರು, ಹಾಗಾಗಿ ಸಂಪಾದನೆ ಇಲ್ಲ ಎನ್ನಲು ಅವನಿಗೆ ಆಗಲಿಲ್ಲ. ತಿಂಗಳಿಗಿಷ್ಟು ಕೊಡಬೇಕೆಂದು ಆದೇಶವಾಯಿತು. ತಡವಾಗಿಯೋ ಗೊಣಗಿಯೋ, ಮನಿಯಾರ್ಡರು ಬರುತ್ತಿತ್ತು. ಅಮ್ಮ ತಾತನ ಅರ್ಧ ಎಕರೆ ಹಿಪ್ಪುನೇರಳೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದಳು. ಗೂಡು ಮಾರಿದ ದುಡ್ಡು ಊಟಕ್ಕೆ, ಮನಿಯಾರ್ಡರು ನನ್ನ ಓದಿಗೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ನಾನು ಚಿಕ್ಕಬಳ್ಳಾಪುರದಲ್ಲಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಬೇಕು, ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಮ್ಮಾಗಬೇಕು. ನನ್ನ ಆಸೆ ಅಷ್ಟೇ, ಆದರೆ ಅದಕ್ಕಾಗಿ ಹಗಲೂ ರಾತ್ರಿ ಓದಿದ್ದೆ.

ರಿಸಲ್ಟಿನ ದಿನ ಸ್ಕೂಲಿನ ಗೇಟಿನ ಬಳಿ ಅಪ್ಪ ನಿಂತಿದ್ದ. ಅದಕ್ಕೆ ಮುಂಚೆ ಅವನನ್ನು ನೋಡಿ ಎರಡು ವರ್ಷವಾಗಿತ್ತು. ಫಸ್ಟ್ ಕ್ಲಾಸ್ ಎಂದು ಹೇಳಿದಾಗ ತಲೆ ಸವರಿದ. ಗೇಟಿನೆದುರಿನ ಅಂಗಡಿಯಲ್ಲಿ ಬಾದಾಮಿ ಹಾಲು ಕುಡಿಸಿದ. ಎಂದೋ ಪಿಯುಸಿಗೆ ನಿಲ್ಲಿಸಿದ್ದ ಓದು ಮುಂದುವರಿಸಲು ತಾನೂ ಕಾಲೇಜು ಸೇರುತ್ತಿದ್ದೇನೆಂದು ಹೇಳಿದ. ಅಣ್ಣನ ಕೈಕೆಳಗೆ ದುಡಿದು ಸಾಕಾಗಿದೆಯಂತೆ, ಬಿ.ಎ. ಮಾಡಿ ಮನುಷ್ಯನಾಗುತ್ತಾನಂತೆ.

"ನಿನ್ ನೋಡೇ ನಂಗೆ ಆಸೆ ಬಂದಿದ್ದು ಕಣಮ್ಮ. ಒಂದ್ ಕಾಗ್ದ ಬರಿ. ಪುಸ್ತಕದಲ್ಲಿ ಇಟ್ಕೊಂಡು ಓದ್ಕೊತೀನಿ," ಅಂದ.

ನಾನು ಹಿಗ್ಗಿ ಹೀರೇಕಾಯಿಯಾದೆ. ಒಂಬತ್ತು ವರ್ಷ ನಮ್ಮ ಗೋಜಿಗೇ ಬಾರದ ಅಪ್ಪ ನನ್ನನ್ನು ನೋಡಿ ಓದಲು ಹೊರಟಿದ್ದಾನೆ ಎಂದರೆ ಹದಿನೈದರ ಹುಡುಗಿಗೆ ಇನ್ನೇನು ಬೇಕು? ಅಮ್ಮನಿಗೆ ಹೇಳದೆ ಇನ್‌ಲ್ಯಾಂಡ್ ಲೆಟರು ಕೊಂಡು, ಸ್ಕೂಲಿನಲ್ಲಿ ಕಲಿಸಿದ ಹಾಗೆ ತೀರ್ಥರೂಪು ತಂದೆಯವರಿಗೆ ಎಂದು ಶುರುಮಾಡಿ ಬರೆದೆ. ನೀವು ಚೆನ್ನಾಗಿ ಓದಿ ಎಂದು ಬರೆದೆ. ಇಲ್ಲಿ ನಾವೆಲ್ಲ ಕ್ಷೇಮ, ಈ ಸಲ ಬೆಳೆ ಚೆನ್ನಾಗಿದೆ, ನಮಗೆ ಯಾವುದಕ್ಕೂ ಕೊರತೆಯಿಲ್ಲ ಎಂದೂ ಬರೆದೆ.

ಹುಳುವಿನ ಬೆಳೆ ಚೆನ್ನಾಗಿರಲಿಲ್ಲ. ನಾನು ಅದನ್ನು ಬರೆಯುತ್ತಿದ್ದಾಗಲೇ ಹುಳುಗಳಿಗೆ ಹಾಲುರೋಗ ಬಿದ್ದಿತ್ತು. ಮೈ ಊದಿಕೊಂಡು, ಮುಟ್ಟಿದರೆ ಒಡೆದು, ಬೆಳ್ಳಗೆ ಸುರಿಯುತ್ತಿತ್ತು. ಅಮ್ಮ ಹುಳು ಸಾಕುವ ಬಿದಿರಿನ ತಟ್ಟೆ ತಟ್ಟೆಯನ್ನೇ ಒಯ್ದು ಗುಂಡಿಗೆ ಸುರಿಯುತ್ತಿದ್ದಳು. ಆದರೆ ಮನೆಯಲ್ಲಿ ಹುಳು ಇರುವಾಗ ಕೆಟ್ಟ ಮಾತು ಆಡಬಾರದೆಂಬುದು ನಮ್ಮಲ್ಲಿ ಕಟ್ಟುನಿಟ್ಟು. ರೋಗ ಎಂದು ಬಾಯಲ್ಲಿ ಬಂದರೆ ಉಳಿದ ಹುಳುವೂ ಹೋಗುತ್ತದೆ ಎಂದು ಅಜ್ಜಿ ಗದರುತ್ತಿದ್ದಳು. ಬಾಗಿಲಿಗೆ ಬಂದು ಹುಳು ಹೇಗಿದೆ ಎಂದು ಯಾರೇ ಕೇಳಲಿ, ಅರ್ಧ ಸತ್ತಿದ್ದರೂ ಚೆನ್ನಾಗಿದೆ ಎನ್ನಬೇಕು. ಕೇಳಿದವರೂ ಅದನ್ನು ನಂಬುತ್ತಿರಲಿಲ್ಲ, ಮುಖ ನೋಡಿ ಅರ್ಥ ಮಾಡಿಕೊಂಡು ಹೋಗುತ್ತಿದ್ದರು. ಸಾದಲಿಯಿಂದ ಶಿಡ್ಲಘಟ್ಟದವರೆಗೆ ಹುಳುವಿನ ಜೊತೆ ಬದುಕುವ ಯಾರಿಗಾದರೂ ಇದು ಗೊತ್ತು. ಕಾಗದದಲ್ಲೂ ನಾನು ಹಾಗೆಯೇ ಬರೆದೆ. ಬೇರೆ ಥರ ಬರೆಯಬಹುದು ಎಂದು ಹೊಳೆಯಲೇ ಇಲ್ಲ.

ತಿಂಗಳು ಕಳೆಯುವುದರೊಳಗೆ ಕೋರ್ಟಿನಿಂದ ನೋಟೀಸು ಬಂತು. ಅಪ್ಪ ಈಗ ವಿದ್ಯಾರ್ಥಿಯಂತೆ. ಕಾರ್ಖಾನೆ ದೊಡ್ಡಪ್ಪನೊಬ್ಬನ ಹೆಸರಿಗಾಗಿದೆಯಂತೆ, ಅವನಿಗೆ ಚಿಕ್ಕಾಸೂ ವರಮಾನವಿಲ್ಲವಂತೆ, ಅಣ್ಣನೇ ಅನ್ನ ಹಾಕಿ ಓದಿಸುತ್ತಿದ್ದಾನಂತೆ. ಜೀವನಾಂಶ ಇಳಿಸಬೇಕಂತೆ. ದಿನಾ ಬೆಳಿಗ್ಗೆ ಗೂಡಿನ ಮಾರ್ಕೆಟ್ಟಿನಲ್ಲಿ ಕಾರ್ಖಾನೆಗೆಂದು ರಾಶಿಗೆ ಕೈಹಾಕಿ ಹರಾಜು ಕೂಗಿಯೇ ಅವನು ಕಾಲೇಜಿನ ಬಸ್ಸು ಹತ್ತುತ್ತಾನೆಂದು ಇಡೀ ಶಿಡ್ಲಘಟ್ಟಕ್ಕೆ ಗೊತ್ತಿತ್ತು. ಕೋರ್ಟಿಗೆ ಬಂದು ಹೇಳುವವರು ಯಾರು? ತಾತ ಇಬ್ಬರನ್ನು ಕೇಳಿದರು. ದಿನಾ ಬೆಳಗಾದರೆ ಮುಖ ನೋಡಬೇಕಲ್ಲ ಯಜಮಾನ್ರೇ ಎಂದು ಇಬ್ಬರೂ ಜಾರಿಕೊಂಡರು.

ವಿಚಾರಣೆಯ ದಿನ ನಾನೂ ಹೋಗಿದ್ದೆ. ಅಪ್ಪ ಬಿಳಿ ಅಂಗಿ ಹಾಕಿ, ಎರಡು ಪುಸ್ತಕ ಹಿಡಿದು ನಿಂತಿದ್ದ. ಆ ಎರಡು ಪುಸ್ತಕದಲ್ಲಿ ಒಂದರಿಂದ ಅವನ ವಕೀಲರು ನನ್ನ ಕಾಗದ ತೆಗೆದರು. ನೀಲಿ ಬಣ್ಣ ಕಂಡ ಕೂಡಲೇ ನನಗೆ ಗೊತ್ತಾಯಿತು. ಅಮ್ಮನಿಗೆ ಗೊತ್ತಾಗಲಿಲ್ಲ, ಅವಳು ಏನದು ಎಂದು ನನ್ನನ್ನೇ ಕೇಳಿದಳು. ಹೆಂಡತಿಗೆ ಸ್ವಂತ ವರಮಾನವಿದೆ, ಮಗಳೇ ಬರೆದುಕೊಟ್ಟಿದ್ದಾಳೆ ಎಂದು ಹೇಳಿ ವಕೀಲರು ಕಾಗದವನ್ನು ಗಟ್ಟಿಯಾಗಿ ಓದಿದರು. ಯಾವುದಕ್ಕೂ ಕೊರತೆಯಿಲ್ಲ ಎಂಬುದನ್ನು ಎರಡು ಸಲ ಓದಿದರು.

ನ್ಯಾಯಾಧೀಶರು ನನ್ನನ್ನು ಮುಂದೆ ಕರೆದರು. ಇದು ನಿನ್ನ ಅಕ್ಷರವೇ ಎಂದು ಕೇಳಿದರು, ಹೌದೆಂದೆ. ಬರೆದದ್ದು ನಿಜವೇ ಎಂದರು. ಅವತ್ತೂ ಮನೆಯಲ್ಲಿ ಹೊಸ ಹುಳು ಇತ್ತು. ಅಜ್ಜಿಯ ಮುಖ ಕಣ್ಣಮುಂದೆ ಬಂತು. ಆದರೂ ಹೇಳಿದೆ, ಸುಳ್ಳು ಸಾರ್, ಹುಳು ಸತ್ತಿತ್ತು, ಮುಕ್ಕಾಲು ಪಾಲು ಗುಂಡಿಗೆ ಹಾಕಿದ್ವಿ ಎಂದು. ಮತ್ತೆ ಹೀಗೇಕೆ ಬರೆದೆ ಎಂದರು. ನಮ್ಮ ಕಟ್ಟುನಿಟ್ಟನ್ನು ವಿವರಿಸಿದೆ. ವಕೀಲರ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ಬೇರೆ ಸೀಮೆಯವರು, ಅವರಿಗೆ ಇದು ಹುಡುಗಿ ಕಟ್ಟಿದ ಕತೆಯಂತೆ ಕೇಳಿಸಿರಬೇಕು. ನನಗೆ ಭಯವಾಗಲಿಲ್ಲ, ಯಾಕೆಂದರೆ ಅಲ್ಲೇ ಆರು ಮಾರು ದೂರದಲ್ಲಿ ನನ್ನ ಮಾತಿಗೆ ಸಾಕ್ಷಿ ನಿಂತಿತ್ತು.

"ನಮ್ಮಪ್ಪಂಗೆ ಗೊತ್ತು ಸಾರ್. ಅವ್ರನ್ನೇ ಕೇಳಿ," ಅಂದೆ.

ಅವರು ಕೇಳಿದರು. ಅಪ್ಪ ನನ್ನ ಕಡೆ ನೋಡಲಿಲ್ಲ. ಪುಸ್ತಕಗಳನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಅಂಥಾದ್ದೇನೂ ನಾನು ಕೇಳಿಲ್ಲ ಸ್ವಾಮಿ."

ಬೇಲಿಯೇ ಎದ್ದು ಹೊಲ ಮೇಯ್ದಿತು. ಓದು ಮುಗಿಯುವವರೆಗೆ ಜೀವನಾಂಶವನ್ನು ಅರ್ಧಕ್ಕೆ ಇಳಿಸಿದರು. ಹೊರಗೆ ಬಂದ ಮೇಲೆ ಅಮ್ಮ ನನ್ನನ್ನು ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಸಾದಲಿ ಬರುವವರೆಗೂ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಸುದ್ದಿ ಕೇಳಿದ ಅಜ್ಜಿ ತೆಲುಗಿನಲ್ಲಿ ಅಳಿಯನ ವಂಶವನ್ನೆಲ್ಲ ಶಪಿಸಿದಳು. ಆ ಸಲದ ಬೆಳೆ, ನಾನು ಕೋರ್ಟಿನಲ್ಲಿ ಅಷ್ಟು ಕೆಟ್ಟ ಮಾತಾಡಿದ್ದರೂ, ಒಳ್ಳೆಯದೇ ಬಂತು. ಆ ದುಡ್ಡಿನಲ್ಲಿ ಫೀಸು ಕಟ್ಟಬಹುದಿತ್ತು, ಆದರೆ ಅಷ್ಟು ಹೊತ್ತಿಗೆ ಕಾಲೇಜಿಗೆ ಸೇರಿಸಿಕೊಳ್ಳುವುದು ಮುಗಿದಿತ್ತು. ಮುಂದಿನ ವರ್ಷ ತಾತನಿಗೆ ಲಕ್ವ ಹೊಡೆಯಿತು, ಸೊಪ್ಪು ಕೊಯ್ಯಲು ಆಳು ಇಡುವ ಶಕ್ತಿ ಇರಲಿಲ್ಲ. ನಾನು ಕುಡುಗೋಲು ಹಿಡಿದೆ. ನನ್ನ ಜೊತೆ ಓದಿದವಳೊಬ್ಬಳು ಶನಿವಾರ ಶನಿವಾರ ಚಿಕ್ಕಬಳ್ಳಾಪುರದಿಂದ ಬರುವಾಗ ರೆಕಾರ್ಡ್ ಬುಕ್ಕು ಎದೆಗವಚಿಕೊಂಡು ಬಸ್ಸಿಳಿಯುತ್ತಿದ್ದಳು. ಆ ಹೊತ್ತಿಗೆ ನಾನು ತೋಟದ ಆ ತುದಿಗೆ ಹೋಗಿಬಿಡುತ್ತಿದ್ದೆ. ಒಮ್ಮೆ ಅವಳೇ ಹೇಳಿದಳು, ನಿಮ್ಮಪ್ಪ ನಮ್ಮ ಬಸ್ಸಲ್ಲೇ ಬರ್ತಾರೆ ಕಣೇ, ಹುಡುಗರೆಲ್ಲ ಸೀಟು ಬಿಟ್ಟುಕೊಡ್ತಾರೆ ಎಂದು.

ಒಂದು ಮಾತು ಒಪ್ಪಿಕೊಳ್ಳಬೇಕು. ಅಪ್ಪ ನಿಜವಾಗಿಯೂ ಓದಿದ. ನಾಟಕಕ್ಕೆಂದು ಹಾಕಿದ ವೇಷ ಅವನಿಗೆ ಹಿಡಿಸಿತು. ಮೂರೇ ವರ್ಷಕ್ಕೆ, ಒಂದೂ ಫೇಲಾಗದೆ, ಪಾಸಾದ. ಅದು ಗೊತ್ತಾದಾಗ ಹೊಟ್ಟೆಯುರಿಯಿತು. ಅವನು ಫೇಲಾಗಿದ್ದರೆ ಎಲ್ಲ ಸುಳ್ಳಿನ ಆಟ ಎಂದುಕೊಂಡು ಸುಮ್ಮನಿರುತ್ತಿದ್ದೆನೇನೋ. ಅವನ ಓದು ಮುಗಿದಿದೆ, ಹಳೆಯ ಮೊತ್ತ ಕೇಳಬಹುದೇ ಎಂದು ಅಮ್ಮ ವಕೀಲರ ಹತ್ತಿರ ವಿಚಾರಿಸಿದಳು. ನಿನ್ನ ಪಾಲು ಕೇಳಬಹುದಮ್ಮ, ಮಗಳಿಗೆ ಹದಿನೆಂಟು ತುಂಬಿತಲ್ಲ, ಅವಳದ್ದು ಮುಗಿಯಿತು ಎಂದರಂತೆ.

ಅದೇ ವಾರ ಅಪ್ಪ ಮೈಸೂರು ಪಾಕಿನ ಪೊಟ್ಟಣ ಹಿಡಿದು ಸಾದಲಿಗೆ ಬಂದ. ಅಮ್ಮ ಒಳಗಿಂದ ಬರಲಿಲ್ಲ. ನಾನು ಅಂಗಳದಲ್ಲಿ ಹುಳುವಿನ ತಟ್ಟೆ ತೊಳೆಯುತ್ತಿದ್ದೆ. ಮಾರ್ಕ್ಸ್ ಕಾರ್ಡು ಜೇಬಿನಿಂದ ತೆಗೆದು ನನ್ನ ಮುಂದೆ ಹಿಡಿದ, ಕೈ ಒದ್ದೆಯಿದೆ ಎಂದು ನಾನು ಮುಟ್ಟಲಿಲ್ಲ. ಮೂರು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಒಂದೇ ಒಂದು ಪ್ರಶ್ನೆ ಕೇಳಿದೆ. ಅವತ್ತು ಕೋರ್ಟಿನಲ್ಲಿ ಕೇಳಿಲ್ಲ ಎಂದಿರಲ್ಲ, ನಿಮಗೆ ನಿಜವಾಗಿಯೂ ಗೊತ್ತಿರಲಿಲ್ಲವೇ ಎಂದೆ.

"ಗೊತ್ತಿಲ್ದೆ ಏನಮ್ಮ. ಹುಳದ್ ಮಧ್ಯನೇ ಬೆಳ್ದೋನು ನಾನು," ಅಂದ. ದನಿಯಲ್ಲಿ ನಾಚಿಕೆಯೂ ಇರಲಿಲ್ಲ, ಅಳುಕೂ ಇರಲಿಲ್ಲ. "ಹೂಂ ಅಂದಿದ್ರೆ ನನ್ ಓದು ನಿಂತ್ಹೋಗ್ತಿತ್ತಲ್ಲ."

ಕಾರ್ಡನ್ನು ಜೋಪಾನವಾಗಿ ಮಡಚಿ ಮತ್ತೆ ಜೇಬಿಗಿಟ್ಟುಕೊಂಡ. ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ.