ಅಂಗಡಿಯಮ್ಮ ತಿಂದ ಒಂದು ಹಿಡಿ ಮರುವಾಯಿ

ಇವತ್ತು ಬೆಳಿಗ್ಗೆ ನೀರು ಪರೀಕ್ಷಿಸುವ ಮೇಟಗಳ್ಳಿಯ ನಮ್ಮ ಲ್ಯಾಬಿಗೆ ಕರಾವಳಿ ಬಸ್ಸಿನಲ್ಲಿ ಬಂದ ಥರ್ಮೋಕೋಲ್ ಪೆಟ್ಟಿಗೆ ತೆರೆದೆ. ಕರಗಿದ ಐಸಿನ ನಡುವೆ ನೀರಿನ ಬಾಟಲಿಗಳು, ಉಪ್ಪು, ಕೆಸರಿನ ವಾಸನೆ... ಆ ವಾಸನೆ ಬಡಿದಾಗಲೆಲ್ಲ ಬೋಗಾದಿಯ ಮೀನಂಗಡಿಯಮ್ಮ ನೆನಪಾಗುತ್ತಾರೆ. ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಅವರು ಸಮುದ್ರವನ್ನೇ ನೋಡಿದವರಲ್ಲ. ಬಾಡಿಗೆ ರೂಮುಗಳಲ್ಲಿದ್ದ ಮಂಗಳೂರು ಕಡೆಯ ವಿದ್ಯಾರ್ಥಿಗಳು ಪೀಡಿಸಿದ್ದಕ್ಕೆ ವಾರಕ್ಕೊಮ್ಮೆ ಮರುವಾಯಿ ತರಿಸುತ್ತಿದ್ದರು. ನದಿ ಸಮುದ್ರ ಸೇರುವ ಅಳಿವೆಯಲ್ಲಿ ಹೆಕ್ಕುವ ಚಿಪ್ಪುಮೀನು ಅದು. ಮಾರುವ ಮುಂಚೆ ಒಂದು ಹಿಡಿ ಬೇಯಿಸಿ ತಾವೇ ತಿನ್ನುತ್ತಿದ್ದರು. ಮಾರನೆಯ ದಿನ ಹೊಟ್ಟೆ ಸರಿಯಿದ್ದರೆ ಮಾತ್ರ ಬುಟ್ಟಿ ಹೊರಗೆ ಬರುತ್ತಿತ್ತು.

"ಅಪ್ಪ ಅಮ್ಮನ್ನ ಬಿಟ್ಟು ಬಂದಿರೋ ಮಕ್ಳು ಕಣಮ್ಮ. ಉಸಾರು ತಪ್ಪಿದ್ರೆ ನೋಡೋರ್ಯಾರು?" ಎನ್ನುತ್ತಿದ್ದರು. ಚೆನ್ನಾಗಿ ಬೇಯಿಸಿ ಎಂದರೆ, "ರಬ್ಬರ್ ಆಯ್ತದೆ ಬುಡಮ್ಮ" ಎಂದು ನಕ್ಕು, ಚಿಪ್ಪು ಬಾಯಿ ಬಿಟ್ಟ ಕೂಡಲೇ ಇಳಿಸುತ್ತಿದ್ದರು.

ಅದೇ ಅಳಿವೆಯ ನೀರನ್ನು ಚಿಪ್ಪು ಕೊಳ್ಳುವ ಕಂಪನಿಯೊಂದು ನಮ್ಮಲ್ಲಿಗೆ ಪರೀಕ್ಷೆಗೆ ಕಳಿಸುತ್ತಿತ್ತು. ನೀರಿಗೆ ಕೊಳಚೆ ಸೇರಿದ್ದರೆ ಎರಡು ದಿನದಲ್ಲಿ ಗಾಜಿನ ಕೊಳವೆಗಳೊಳಗೆ ಗಾಳಿಗುಳ್ಳೆ ಏಳುತ್ತದೆ. ಆ ವಾರ ಹೆಚ್ಚುಕಡಿಮೆ ಎಲ್ಲ ಕೊಳವೆಗಳಲ್ಲೂ ಗುಳ್ಳೆ! ಮ್ಯಾನೇಜರ್ ಹತ್ತಿರ ಓಡಿದೆ.

"ಸಹಿ ಆಗೋವರೆಗೂ ಯಾರಿಗೂ ಹೇಳ್ಬೇಡ. ರಿಪೋರ್ಟು ಕಂಪನಿಯವರದ್ದು, ಊರವರದ್ದಲ್ಲ" ಎಂದರು. ಸಹಿ ಹಾಕಬೇಕಾದವರು ಅವರೇ. ಹಾಕದೆ, ನೆಂಟರ ಮದುವೆಗೆಂದು ಒಂದು ವಾರ ರಜೆ ಹೋದರು. ಕೊಳಚೆ ಇವರ ರಜೆ ಮುಗಿಯಲೆಂದು ಕಾಯುತ್ತದೆಯೇ?

ಸಂಜೆ ಮನೆಗೆ ಹೋಗುವಾಗ ಅಂಗಡಿಯಮ್ಮ ಎಂದಿನಂತೆ ಕೇಳಿದರು: "ಮರುವಾಯಿ ನಾಳೆ ಬಸ್ಸಿಗೆ ಕಳ್ಸಿ ಅಂತ ಏಳಿವ್ನಿ. ಎಂಗದಮ್ಮ ನೀರು?"

"ರಿಪೋರ್ಟ್ ಇನ್ನೂ ಆಗಿಲ್ಲಮ್ಮ."

"ಅಂಗಾದ್ರೆ ಕೆಟ್ಟದ್ದೇನೂ ಇಲ್ಲ ತಾನೆ?"

ನಾನು ಸ್ಕೂಟರ್ ಸ್ಟಾರ್ಟ್ ಮಾಡಿದೆ...

ಎರಡು ದಿನ ಬಿಟ್ಟು ನೋಡಿದರೆ ಅಂಗಡಿಯ ಶಟರ್ ಇಳಿದಿತ್ತು. ಅವರು ವಾಂತಿ ಭೇದಿಯಿಂದ ನಿತ್ರಾಣರಾಗಿ ಆಸ್ಪತ್ರೆ ಸೇರಿದ್ದರು. ಬುಟ್ಟಿ ಇನ್ನೂ ಹೊರಗೆ ಬಂದಿರಲಿಲ್ಲವಾದ್ದರಿಂದ ಹುಡುಗರು ಯಾರೂ ತಿಂದಿರಲಿಲ್ಲ. ಮಂಚದ ಪಕ್ಕ ಕೂತು ಇದ್ದದ್ದನ್ನೆಲ್ಲ ಹೇಳಿಬಿಟ್ಟೆ.

"ರಿಪೋರ್ಟು ಏಳೋದ್ ಬ್ಯಾಡ ಕಣಮ್ಮ. ಈ ವಾರ ತರಿಸ್ಬ್ಯಾಡಿ ಅಂದಿದ್ರೆ ಸಾಕಿತ್ತಲ್ಲ..."

ಅಷ್ಟು ಸಣ್ಣ ಮಾತು ನನಗೆ ಹೊಳೆದಿರಲಿಲ್ಲ. ಮೊದಲೇ ಸಕ್ಕರೆ ಕಾಯಿಲೆ ಇದ್ದ ದೇಹ, ಕಿಡ್ನಿ ಕೈಕೊಟ್ಟಿತು. ನಾಲ್ಕನೇ ದಿನ ಹೋಗಿಬಿಟ್ಟರು. ರಿಪೋರ್ಟಿಗೆ ಸಹಿ ಬಿದ್ದದ್ದು ಅದರ ಮಾರನೆಯ ದಿನ.

ಈಗ ಸಹಿ ಹಾಕುವವಳು ನಾನೇ. ಒಂದು ಗಳಿಗೆಯೂ ತಡಮಾಡುವುದಿಲ್ಲ. ಆದರೆ ಕಂಪನಿಗೆ ಬಿಟ್ಟು ಬೇರೆಯವರಿಗೆ ಹೇಳಬಾರದೆಂಬ ನಿಯಮ ಹಾಗೇ ಇದೆ. ಮೇಲಿನವರಿಗೆ ಪತ್ರ ಬರೆದು ಬರೆದು ಸಾಕಾಗಿದೆ. ಅವತ್ತು ಆ ನಿಯಮ ಪಾಲಿಸಿದ್ದಕ್ಕೆ ನನ್ನ ಕೆಲಸ ಉಳಿಯಿತು. ಅಂಗಡಿಯಮ್ಮ ಉಳಿಯಲಿಲ್ಲ.